ದೂರದ ಹೊಲದಲ್ಲಿ ಗುಂಡಿ ತೋಡುವ ಮೊದಲು

20 ಲೀಟರಿನ ಕ್ಯಾನ್ ತುಂಬಿದರೆ 20 ಕಿಲೋ ತೂಕ. ಲೆಕ್ಕ ಸುಲಭ. ಆದರೆ ಹಳ್ಳ ದಾಟಿ, ಕಲ್ಲು ದಾರಿಯಲ್ಲಿ ಏರು ಹತ್ತಿ, ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸುತ್ತಾ ಹೊತ್ತವರಿಗೆ ಅದೇ ಲೆಕ್ಕ ಬೇರೆ ಥರ ಅರ್ಥವಾಗುತ್ತದೆ. ಒಂದು ಸಸಿಗೆ ಒಂದು ಸಲಕ್ಕೆ 5 ಲೀಟರ್ ಅಂದುಕೊಂಡರೂ ಒಂದು ಕ್ಯಾನಿಗೆ ನಾಲ್ಕೇ ಸಸಿ. 50 ಸಸಿಗೆ ಹನ್ನೆರಡೂವರೆ ಕ್ಯಾನ್. ಅದೂ ವಾರಕ್ಕೊಮ್ಮೆ, ಬೇಸಿಗೆ ಮುಗಿಯೋ ತನಕ. ಸಸಿ ಬದುಕಿದರೂ ಬದುಕೀತು, ಹೊರುವವರು ಉಳಿಯೋದು ಅನುಮಾನ.

ನಮ್ಮ ಹೊಲ ಇರುವುದು ಕೊಪ್ಪಳ ಜಿಲ್ಲೆಯ ಕನಕಗಿರಿ ಕಡೆ, ಒಂದು ಬಂಡೆಗುಡ್ಡದ ಬುಡದಲ್ಲಿ. ಬೈಕ್ ಹಳ್ಳದ ತನಕ ಮಾತ್ರ. ಆಮೇಲೆ ನಡಿಗೆ. ಬೋರ್ ಇಲ್ಲ, ಕರೆಂಟ್ ಇಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿ ಬಂದರೆ ದಾರಿಯೂ ಇಲ್ಲ. ಒಂದು ಕಾಲಕ್ಕೆ ಸಜ್ಜೆ, ಹುರುಳಿ ಬಿತ್ತುತ್ತಿದ್ದರಂತೆ. ಮನೆಯವರೆಲ್ಲ ಒಬ್ಬೊಬ್ಬರೇ ಊರು ಬಿಟ್ಟ ಮೇಲೆ ಬೀಳು ಬಿತ್ತು. ಬಸ್ಸಿನಲ್ಲಿ ಒಂದು ಗಂಟೆಯೂ ಆಗದ ದೂರದಲ್ಲಿ ಗಂಗಾವತಿಯ ಗದ್ದೆಗಳು ತುಂಗಭದ್ರಾ ಕಾಲುವೆ ನೀರು ಕುಡಿದು ವರ್ಷಕ್ಕೆ ಎರಡು ಬೆಳೆ ಭತ್ತ ಕೊಡುತ್ತವೆ. ಇತ್ತ ನಮ್ಮ ಕಡೆ ಮಸಾರಿ ಅನ್ನೋ ಕೆಂಪು ಮಣ್ಣು, ಅದರಡಿ ಗರಸು ಅಂದರೆ ಕಲ್ಲುಚೂರಿನ ಗಟ್ಟಿ ಪದರ, ಅದರಡಿ ಬಂಡೆ. ಕಾಲುವೆಯ ಮಾತೇ ಇಲ್ಲ.

ಇಂಥ ಜಾಗದಲ್ಲಿ ಗಿಡ ಹಚ್ಚಬೇಕು ಅಂತ ಹೊರಟಿದ್ದೇವೆ, ನಾನು ಮತ್ತು ನಮ್ಮ ಕಾಕಾ. ಬೇವು, ಹುಣಸೆ, ಹೊಂಗೆ, ಸೀತಾಫಲ, ಕಮರ. ನಾನಿರುವುದು ಕೊಪ್ಪಳದಲ್ಲಿ, ಕೆಲಸ ಬಿಡುವಿದ್ದ ಭಾನುವಾರ ಮಾತ್ರ ಇತ್ತ ಬರೋದು. ಕಾಕಾಗೆ ಮೊಣಕಾಲು ನೋವು. ಸಾಲುಮರದ ತಿಮ್ಮಕ್ಕ ಮತ್ತು ಅವರ ಯಜಮಾನರು ಹುಲಿಕಲ್–ಕುದೂರು ರಸ್ತೆಯ ಆಲದ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದ್ದು ಎಲ್ಲರಿಗೂ ಗೊತ್ತು. ಅವರ ಹಾಗೆ ಹೊರುವ ತಾಕತ್ತು ನಮ್ಮಿಬ್ಬರಿಗೂ ಇಲ್ಲ. ಹಾಗಾಗಿ ಪ್ರತಿಯೊಂದು ಕೆಲಸಕ್ಕೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇವೆ: ನಾವು ಇಲ್ಲಿ ಇಲ್ಲದ ದಿನ ಇದು ಏನು ಕೆಲಸ ಮಾಡುತ್ತದೆ? ಉತ್ತರ ಇಲ್ಲದಿದ್ದರೆ ಆ ಕೆಲಸ ಬಿಟ್ಟೆವು.

ಮೊದಲು ಗುದ್ದಲಿ ಮುಟ್ಟದೆ ಸುಮ್ನೆ ತಿರುಗಾಡಿದ್ದೇ ಜಾಸ್ತಿ. ಕಾಕಾ ಹೇಳೋರು, "ಮೊದ್ಲ ಹೊಲ ಏನ್ ಮಾಡಾಕತ್ತೈತಿ ನೋಡು. ನೀ ಏನ್ ಮಾಡಬೇಕು ಅನ್ನೋದು ಆಮ್ಯಾಲ ಗೊತ್ತಾಕ್ಕೈತಿ." ಮಳೆ ಬಂದು ಹೋದ ಮರುದಿನ ಹೋದರೆ ಹೊಲವೇ ಎಲ್ಲ ತೋರಿಸುತ್ತದೆ. ನೀರು ಎಲ್ಲಿಂದ ಹರಿದು ಬಂತು, ಎಲ್ಲಿ ತಿರುಗಿತು, ಎಲ್ಲಿ ಕಸಕಡ್ಡಿ ಬಿಟ್ಟು ಹೋಯಿತು. ಕರಡದ ಹುಲ್ಲು ಎಲ್ಲಿ ಮೊದಲು ಒಣಗುತ್ತದೆ, ಎಲ್ಲಿ ಇನ್ನೂ ಹಸಿ ಇರುತ್ತದೆ. ತಂಗಡಿ ಗಿಡ ಎಲ್ಲಿ ಮೊಣಕಾಲೆತ್ತರ ಇದೆ, ಎಲ್ಲಿ ಸೊಂಟದೆತ್ತರ ಇದೆ. ಸೊಂಟದೆತ್ತರ ಇದ್ದಲ್ಲಿ ಕೆಳಗೆ ಬಂಡೆ ಆಳದಲ್ಲಿದೆ ಅಂತ ನಂಬಬಹುದು.

ಹಾಗೆ ನೋಡುತ್ತಾ ಹೋದಾಗ ಒಂದು ಕಡೆ ತಲೆದಿಂಬಿನಷ್ಟು ಕಲ್ಲು ಕಂಡಿತು. ಇಳಿಜಾರಿಗೆ ಅಡ್ಡ ಬಿದ್ದಿತ್ತು. ಅದರ ಮೇಲ್ಬದಿಗೆ ಅಂಗೈಯಷ್ಟು ಜಾಗದಲ್ಲಿ ನುಣ್ಣನೆಯ ಮಣ್ಣು ಬಂದು ಕೂತಿತ್ತು. ಮಣ್ಣಿನಲ್ಲಿ ಆಡಿನ ಹಿಕ್ಕೆ, ಮುರಿದ ಕಡ್ಡಿ, ಪುಡಿಯಾದ ಎಲೆ, ಹಕ್ಕಿ ಉಗುಳಿದ ಎರಡು ಬೇವಿನ ಬೀಜದ ಚಿಪ್ಪು. ಇವುಗಳ ನಡುವೆ ಬೆರಳುದ್ದದ ಒಂದು ಬೇವಿನ ಸಸಿ. ಸುತ್ತಲಿನ ಬಯಲಿನಲ್ಲಿ ಮಣ್ಣು ಹೆಪ್ಪುಗಟ್ಟಿ ಬಿರುಸಾಗಿತ್ತು. ಕಲ್ಲಿನ ಹಿಂದೆ ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು, ತಣ್ಣಗೂ ಇತ್ತು. ನೀರು ಹಾಕಿದವರಿಲ್ಲ, ಗೊಬ್ಬರ ಹೊತ್ತವರಿಲ್ಲ. ಒಂದು ಕಲ್ಲು, ಒಂದು ಇಳಿಜಾರು, ದಾರಿಯಲ್ಲಿ ಹೋದ ಆಡು, ಮೇಲೆ ಕೂತ ಹಕ್ಕಿ, ಅಷ್ಟೇ ಸಾಮಾನು. ಆಮೇಲೆ ನಾವು ಮಾಡಿದ್ದೆಲ್ಲ ಈ ಕಲ್ಲಿನ ನಕಲು ಅಂದರೂ ನಡೆಯುತ್ತದೆ.

ಜಾಗ ಗುರುತಿಸೋಕೆ ಹಾರೆ ಸಾಕು. ಎತ್ತಿ ಬಿಟ್ಟರೆ ಠಣ್ ಅಂದರೆ ಹಾಸುಬಂಡೆ, ಅಲ್ಲಿಗೆ ಆಸೆ ಬಿಡಬೇಕು. ಕರಕರ ಅಂದರೆ ಗರಸು. ಗರಸಿಗೆ ಹೆದರಬೇಕಿಲ್ಲ, ಬೇರು ದಾರಿ ಹುಡುಕಿಕೊಳ್ಳುತ್ತದೆ. ದಬ್ ಅಂದರೆ ಒಳ್ಳೆಯ ಮಣ್ಣು, ಅದು ನಮ್ಮಲ್ಲಿ ಅಪರೂಪ. ದಾರ ಎಳೆದು ಸಾಲಾಗಿ, ಇಂತಿಷ್ಟು ಮೀಟರಿಗೆ ಒಂದರಂತೆ ಗುಂಡಿ ತೋಡಿಸುವುದನ್ನು ಬಹಳ ಕಡೆ ನೋಡಿದ್ದೇನೆ. ಎಣಿಸೋಕೆ ಸುಲಭ, ಬಿಲ್ ಬರೆಯೋಕೆ ಸುಲಭ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ನೀರು ಸಾಲು ನೋಡಿ ಹರಿಯೋದಿಲ್ಲ ಅಲ್ವಾ? ನಮ್ಮ ಹೊಲದಲ್ಲಿ ಎರಡು ಗುಂಡಿ ನಡುವೆ ಕೆಲವು ಕಡೆ ನಾಲ್ಕು ಹೆಜ್ಜೆ, ಕೆಲವು ಕಡೆ ಮೂವತ್ತು ಹೆಜ್ಜೆ.

ಇಷ್ಟಾದ ಮೇಲೆ ಸಮಮಟ್ಟ ಹುಡುಕುವ ಕೆಲಸ. ಇದಕ್ಕೆ ಯಂತ್ರ ಬೇಡ. ಆರಡಿಯ ಎರಡು ಕೋಲು, ನಾಲ್ಕಡಿಯ ಒಂದು ಕೋಲು, ಒಂದು ಗೇಣು ಉದ್ದದ ಮೂರು ಹಗ್ಗ, ಒಂದು ದಾರ, ಒಂದು ಕಲ್ಲು. ಉದ್ದ ಕೋಲುಗಳ ತುದಿ ಸೇರಿಸಿ ಕಟ್ಟಿ, ಕಾಲು ಅಗಲಿಸಿ, ನಡುವೆ ಅಡ್ಡಕೋಲು ಬಿಗಿಯಬೇಕು. ಮೇಲಿನ ಗಂಟಿನಿಂದ ಕಲ್ಲು ಕಟ್ಟಿದ ದಾರ ಇಳಿಬಿಡಬೇಕು, ಕಲ್ಲು ಅಡ್ಡಕೋಲಿಗಿಂತ ಕೆಳಗೆ ತೂಗಬೇಕು. ಒಂದು ಕಡೆ ನಿಲ್ಲಿಸಿ ದಾರ ಅಡ್ಡಕೋಲಿಗೆ ತಾಗಿದಲ್ಲಿ ಇದ್ದಿಲಿನಿಂದ ಗೆರೆ ಹಾಕಿ. ಎರಡೂ ಕಾಲುಗಳ ಜಾಗ ಅದಲು ಬದಲು ಮಾಡಿ ಮತ್ತೊಂದು ಗೆರೆ ಹಾಕಿ. ಎರಡು ಗೆರೆಗಳ ನಟ್ಟನಡುವೆ ಬರುವುದೇ ಸಮಮಟ್ಟದ ಗುರುತು. ಮುಂದೆ ಇಡೀ ಹೊಲದಲ್ಲಿ ಒಂದು ಕಾಲು ಊರಿ ಇನ್ನೊಂದು ತಿರುಗಿಸುತ್ತಾ, ದಾರ ಆ ಗುರುತಿಗೆ ಬಂದಲ್ಲಿ ಕಲ್ಲಿಡುತ್ತಾ ಹೋದರೆ ಸಮಮಟ್ಟದ ಗೆರೆ ತಾನೇ ಮೂಡುತ್ತದೆ. ಗಾಳಿ ಇರುವ ಹೊತ್ತು ಮಾತ್ರ ಇದು ಆಗದ ಕೆಲಸ. ನಮ್ಮ ಕಡೆ ಜುಲೈ ತಿಂಗಳಲ್ಲಂತೂ ದಾರ ಒಂದು ಕಡೆ ನಿಲ್ಲೋದೇ ಇಲ್ಲ. ಬೆಳಗಿನ ಜಾವ ಮುಗಿಸಬೇಕು.

ಕಣ್ಣಿಗೆ ಕಾಣುವ ಮಟ್ಟವನ್ನು ನಂಬಬಾರದು ಅನ್ನೋದು ಆಗ ಗೊತ್ತಾಗುತ್ತದೆ. ಹಿಂದೆ ಗುಡ್ಡ ಇದ್ದರೆ ಏರಿರುವ ನೆಲವೂ ಸಪಾಟಾಗಿ ಕಾಣುತ್ತದೆ. ಕಾಕಾ ಕೂಡ ಕೋಲು ನೋಡಿ ಮೊದಲು ನಕ್ಕರು. ಗೆರೆ ಮೂಡಿದ ಮೇಲೆ ಅದರುದ್ದಕ್ಕೂ ನಡೆದು ನೋಡಿ, "ಇಲ್ಲೆ ಹಿಂದಕ ಒಂದು ಒಡ್ಡು ಇತ್ತೋ" ಅಂದರು. ಮಣ್ಣು ಕೆದರಿದರೆ ನಿಜಕ್ಕೂ ಒಂದು ಸಾಲು ಕಲ್ಲು ಸಿಕ್ಕವು. ಹುರುಳಿ ಬಿತ್ತುತ್ತಿದ್ದ ಯಾರೋ ಹಿರಿಯರು ಕೋಲಿಲ್ಲದೆಯೇ ಅದೇ ಮಟ್ಟ ಹಿಡಿದಿದ್ದರು.

ಈ ಗೆರೆಯ ಮೇಲೆ ಗುಂಡಿ. ಗುಂಡಿಯ ಇಳಿಜಾರಿನ ಕಡೆಗೆ ಅರ್ಧಚಂದ್ರದ ಬದು. ಗುಂಡಿಯಿಂದ ತೆಗೆದ ಗರಸು, ಕಲ್ಲು ಎಲ್ಲ ಬದುವಿಗೆ. ಮೇಲ್ಪದರದ ಕೆಂಪು ಮಣ್ಣು ಮಾತ್ರ ಬೇರೆ ಕಡೆ ಗುಡ್ಡೆ, ಅದು ವಾಪಸ್ ಗುಂಡಿಗೆ ಬೇಕು. ಬದುವಿನ ಎರಡು ತುದಿ ಏರಿನ ಕಡೆ ಚಾಚಿರಬೇಕು, ಎರಡೂ ಒಂದೇ ಮಟ್ಟದಲ್ಲಿರಬೇಕು. ಒಂದು ತುದಿ ತಗ್ಗಾದರೆ ನೀರು ಅಲ್ಲಿಂದಲೇ ಜಾರಿ ಬದುವನ್ನು ಕೊರೆದುಕೊಂಡು ಹೋಗುತ್ತದೆ. ಜೋರು ಮಳೆಗೆ ಹೆಚ್ಚಾದ ನೀರು ಹೊರಬೀಳೋಕೆ ತುದಿಗಳಲ್ಲಿ ಚಪ್ಪಟೆ ಕಲ್ಲು ಹಾಸಿದರೆ ಕೊರೆತ ಇಲ್ಲ.

ಈಗ ನೀರಿನ ಲೆಕ್ಕ ನೋಡಿ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಒಂದು ಬದುವಿಗೆ ಮೇಲಿನಿಂದ 10 ಚದರ ಮೀಟರ್ ನೆಲದ ನೀರು ಹರಿದು ಬರುತ್ತದೆ ಅಂದುಕೊಳ್ಳಿ. 20 ಮಿಲಿಮೀಟರಿನ ಒಂದು ಮಳೆಗೆ 200 ಲೀಟರ್. ಅರ್ಧ ದಾರಿಯಲ್ಲೇ ಇಂಗಿದರೂ 100 ಲೀಟರ್ ಗುಂಡಿಗೆ ಬಂತು. ಅಂದರೆ ಐದು ಕ್ಯಾನ್, ಒಂದೇ ಸಸಿಗೆ. ಯಾರೂ ಹೊರಲಿಲ್ಲ. ಮಸಾರಿ ಮಣ್ಣಿನ ಮೇಲ್ಪದರ ಮಳೆಹನಿಗೆ ಬೇಗ ಮುಚ್ಚಿಕೊಂಡು ಹೆಪ್ಪುಗಟ್ಟುತ್ತದೆ, ನೀರು ಇಂಗದೆ ಓಡುತ್ತದೆ ಅಂತ ರೈತರು ಬೈತಾರೆ. ಗಿಡ ಹಚ್ಚುವವರಿಗೆ ಅದೇ ಗುಣ ಉಪಯೋಗಕ್ಕೆ ಬರುತ್ತದೆ. ಓಡುವ ನೀರನ್ನು ಹಿಡಿದು ಒಂದು ಕಡೆ ಕೂರಿಸಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಮಳೆ ಕಡಿಮೆ. ಬರೋದರಲ್ಲೂ ದೊಡ್ಡ ಪಾಲು ಕೆಲವೇ ದಿನ ಜೋರಾಗಿ ಸುರಿದು ಹೋಗುತ್ತದೆ. ಆ ಕೆಲವು ದಿನ ನಾವು ಹೊಲದಲ್ಲಿರೋದಿಲ್ಲ. ಬದು ಇರುತ್ತದೆ.

(ರಾಯಚೂರು ಕಡೆಯ, ಯಲಬುರ್ಗಾ ಕಡೆಯ ಎರೆ ಹೊಲದವರಿಗೆ, ಅಂದರೆ ಕಪ್ಪು ಮಣ್ಣಿನವರಿಗೆ, ಈ ಮಾತು ಹೊಂದೋದಿಲ್ಲ. ಎರೆಮಣ್ಣಿನಲ್ಲಿ ಗುಂಡಿಗೆ ನೀರು ಕೂಡಿಸಿದರೆ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಅಲ್ಲಿ ಬದುವಿನ ಮೇಲೆಯೇ, ಸ್ವಲ್ಪ ಎತ್ತರದಲ್ಲಿ ಹಚ್ಚೋದು ವಾಸಿ.)

ಗುಂಡಿ ತೋಡುವ ಹೊತ್ತು ಯಾವುದು? ಏಪ್ರಿಲ್–ಮೇ ತಿಂಗಳ ಅಡ್ಡಮಳೆ ಬಿದ್ದ ಮರುದಿನ. ಬೇರೆ ದಿನ ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಮಳೆ ಬಿದ್ದ ಮರುದಿನ ಮೇಲಿನ ಒಂದಡಿ ಮಾತು ಕೇಳುತ್ತದೆ. ಬಿಸಿಲು 40 ಡಿಗ್ರಿ ದಾಟುವ ಕಾಲ ಅದು, ಹಾಗಾಗಿ ಹೊತ್ತು ಹುಟ್ಟುವ ಮೊದಲೇ ಶುರು ಮಾಡಿ, ಹತ್ತು ಗಂಟೆಯೊಳಗೆ ನೆರಳು ಸೇರಬೇಕು. ಒಂದೂವರೆ ಅಡಿ ಉದ್ದ, ಅಗಲ, ಆಳ ಇದ್ದರೆ ನಮ್ಮ ಮಣ್ಣಿಗೆ ಸಾಕು. ದೊಡ್ಡದಾದಷ್ಟೂ ಒಳ್ಳೆಯದು ಅನ್ನೋದು ನಿಜ, ಆದರೆ ಗರಸಿನಲ್ಲಿ ಮೂರಡಿ ಗುಂಡಿ ಒಂದು ತೋಡುವ ಶ್ರಮದಲ್ಲಿ ಸಣ್ಣವು ಐದಾರು ತೋಡಬಹುದು. ತಳಕ್ಕೆ ಹಾರೆಯಿಂದ ಇನ್ನೊಂದು ಅಡಿ ತೂತು ಹೊಡೆದು ಬಿಟ್ಟರೆ ತಾಯಿಬೇರು ಇಳಿಯೋಕೆ ದಾರಿ.

ಕಲ್ಲು ಎತ್ತುವಾಗ ಒಂದು ಅಭ್ಯಾಸ ಬೇಕು. ಕಲ್ಲಿನ ಆಚೆ ಅಂಚಿಗೆ ಗುದ್ದಲಿ ಸಿಕ್ಕಿಸಿ ನಮ್ಮ ಕಡೆಗೆ ಮಗುಚಬೇಕು. ಆಗ ಅದರಡಿ ಇರುವ ಚೇಳೋ, ಸಣ್ಣ ಮಂಡಲದ ಹಾವೋ ಆಚೆ ಕಡೆಗೆ ಹೊರಡುತ್ತದೆ, ನಮ್ಮ ಕಾಲಿನ ಕಡೆಗಲ್ಲ. ಈ ಗುಡ್ಡಗಳಲ್ಲಿ ಕರಡಿ, ಚಿರತೆಯೂ ಇವೆ. ನಸುಕಿನಲ್ಲಿ ಹೋಗೋದಾದರೆ ಒಬ್ಬರೇ ಹೋಗಬಾರದು, ಮಾತಾಡುತ್ತಾ ಹೋಗಬೇಕು. ಕಾಕಾ ಜೊತೆಗಿದ್ದರೆ ಅದಕ್ಕೆ ಕೊರತೆ ಇಲ್ಲ.

ಬೇಸಿಗೆಯಲ್ಲೇ ಗುಂಡಿ ತೋಡಿ, ಅದರೊಳಗೆ ಗೊಬ್ಬರ ಹಾಕಿ ಮಳೆಗೆ ಕಾಯುವ ಪದ್ಧತಿ ಪಶ್ಚಿಮ ಆಫ್ರಿಕಾದಲ್ಲೂ ಇದೆ. ಅಲ್ಲಿ ಅದಕ್ಕೆ ಜಾಯಿ ಅನ್ನುತ್ತಾರೆ. ಬುರ್ಕಿನಾ ಫಾಸೊ ದೇಶದ ರೈತ ಯಾಕೂಬಾ ಸಾವದೋಗೊ 1980ರ ದಶಕದ ಬರಗಾಲದಲ್ಲಿ ಈ ಹಳೆಯ ಪದ್ಧತಿಯನ್ನು ಸ್ವಲ್ಪ ತಿದ್ದಿ, ಗುಂಡಿಗಳನ್ನು ದೊಡ್ಡದು ಮಾಡಿ, ಗೊಬ್ಬರ ಹಾಕಿದರು. ಗೊಬ್ಬರಕ್ಕೆ ಗೆದ್ದಲು ಬಂತು. ಗೆದ್ದಲು ಗಟ್ಟಿ ನೆಲದಲ್ಲಿ ಸುರಂಗ ಕೊರೆಯಿತು. ಆ ಸುರಂಗಗಳಲ್ಲಿ ಮಳೆ ನೀರು ಇಳಿಯಿತು. ಗೊಬ್ಬರದಲ್ಲಿದ್ದ ಬೀಜಗಳಿಂದ ಮರಗಳೂ ಎದ್ದವು, ಅವನ್ನು ಅವರು ಕೀಳದೆ ಬೆಳೆಯಲು ಬಿಟ್ಟರು. ಬರಡು ನೆಲದಲ್ಲಿ ಕಾಡೇ ಬಂತು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಿಕ್ಕಿತು, 2023ರಲ್ಲಿ ತೀರಿಕೊಂಡರು. ಗೆದ್ದಲು ಅಂದರೆ ಔಷಧ ಹೊಡೆಯೋದು ಅಂತಷ್ಟೇ ಗೊತ್ತಿದ್ದ ನನಗೆ ಈ ಕಥೆ ತುಂಬಾ ಹಿಡಿಸಿತು. ನಮ್ಮಲ್ಲಿ ಗೆದ್ದಲು ಎಳೆ ಸಸಿಯ ತೊಗಟೆಯನ್ನೂ ತಿನ್ನುತ್ತದೆ, ಅದು ನಿಜ. ಆದರೆ ಸಸಿ ನೆಡುವ ಮೊದಲಿನ ಎರಡು ತಿಂಗಳು ಅದು ಗುಂಡಿಯಲ್ಲಿ ಎಷ್ಟು ಬೇಕಾದರೂ ಕೊರೆಯಲಿ. ನೆಡುವಾಗ ಒಂದು ಹಿಡಿ ಬೇವಿನ ಹಿಂಡಿ ಹಾಕಿದರಾಯಿತು. ಹಿಂಡಿ ಹೊರೋಕೂ ಹಗುರ.

ಗೊಬ್ಬರ ಮಾತ್ರ ಹಗುರ ಅಲ್ಲ. ಒಂದೊಂದು ಗುಂಡಿಗೆ ಒಂದೊಂದು ಬುಟ್ಟಿ ತಿಪ್ಪೆಗೊಬ್ಬರ ಅಂದರೂ ಅಷ್ಟನ್ನೂ ಹಳ್ಳದಾಚೆಯಿಂದ ತಲೆ ಮೇಲೆ ಹೊರಬೇಕು. ಇದಕ್ಕೆ ಉತ್ತರ ಕಾಲು ಮೇಲೆ ನಡೆದು ಬಂತು. ಪ್ರತಿ ವರ್ಷ ಸುಗ್ಗಿ ಆದ ಮೇಲೆ ಕುರಿಗಾಹಿಗಳು ಈ ದಾರಿಯಲ್ಲಿ ಹಿಂಡು ಹೊಡೆದುಕೊಂಡು ಹೋಗುತ್ತಾರೆ. ಊರಿನ ಹೊಲದವರು ಅವರಿಗೆ ಕಾಳೋ ರೊಕ್ಕವೋ ಕೊಟ್ಟು ರಾತ್ರಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಬೆಳಗಾದರೆ ಹಿಕ್ಕೆ, ಗಂಜಲ ಎರಡೂ ಹೊಲಕ್ಕೆ. ಅದನ್ನೇ ಬೀಳು ಹೊಲದಲ್ಲಿ ಮಾಡಿದರೆ? ಒಬ್ಬ ಹಿರಿಯ ಕುರಿಗಾಹಿಯನ್ನು ಕೇಳಿದೆ. ಯಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಿತ್ತೂದಿಲ್ಲ ಬೆಳಿಯೂದಿಲ್ಲ, ಗೊಬ್ರ ಯಾಕ ಬೇಕೋ ತಮ್ಮಾ?"

"ಗಿಡ ಹಚ್ಚಬೇಕ್ರಿ ಯಜ್ಜಾ."

"ಗಿಡ ಹಚ್ಚಿ ಬೇಲಿ ಹಾಕ್ತಿ. ಬೇಲಿ ಹಾಕಿದ್ರ ನಮ್ಮ ಕುರಿ ಎಲ್ಲಿ ಮೇಯಬೇಕು?"

ಪ್ರಶ್ನೆ ನ್ಯಾಯವಾದದ್ದು. ನಮ್ಮ ಹೆಸರಿನಲ್ಲಿ ಪಹಣಿ ಇದೆ ನಿಜ, ಆದರೆ ಹೊಲ ಬೀಳು ಬಿದ್ದ ದಿನದಿಂದ ಅದನ್ನು ಉಪಯೋಗಿಸಿದವರು ಅವರು. ಗಿಡ ನೆಡುವವರು ಮೊದಲು ಕುರಿ, ಆಡನ್ನು ವೈರಿ ಮಾಡಿಕೊಳ್ಳುತ್ತಾರೆ. ಆಮೇಲೆ ತಂತಿ ಬೇಲಿಗೆ ಸಾಲ ಮಾಡುತ್ತಾರೆ, ತಂತಿ ಕಳುವಾಗುತ್ತದೆ. ನಮ್ಮಲ್ಲಿ ಹೊಲದ ಸುತ್ತ ಬೇಲಿ ಇಲ್ಲ. ಒಂದೊಂದು ಗುಂಡಿಗೆ ಮಾತ್ರ ಮುಳ್ಳಿನ ಕಾವಲು, ನಡುವಿನ ಹುಲ್ಲು ಎಂದಿನಂತೆ ಕುರಿಗೆ. ಬದಲಿಗೆ ಅವರು ಬೇಸಿಗೆಯಲ್ಲಿ ಕೆಲವು ರಾತ್ರಿ ಹಿಂಡನ್ನು ನಾವು ಹೇಳಿದ ಕಡೆ ನಿಲ್ಲಿಸಬೇಕು, ಮಳೆಗಾಲದಲ್ಲಿ ಆಡುಗಳನ್ನು ಆಚೆ ಬದಿಗೆ ಹೊಡೆಯಬೇಕು. ಯಜ್ಜ ಒಪ್ಪಿದರು, ಜೊತೆಗೆ ಒಂದು ಚೀಲ ಜೋಳಕ್ಕೂ ಒಪ್ಪಿಸಿದರು. ಹಿಕ್ಕೆ ಗುಡಿಸಿ ಹತ್ತಿರದ ಗುಂಡಿಗೆ ತಳ್ಳೋದಷ್ಟೇ ನಮ್ಮ ಕೆಲಸ ಆಯಿತು. ಹಳ್ಳ ದಾಟಿ ಒಂದು ಬುಟ್ಟಿಯೂ ಬರಲಿಲ್ಲ.

ಮುಳ್ಳಿಗೆ ಬರ ಇಲ್ಲ. ಬಳ್ಳಾರಿ ಜಾಲಿ ಹಳ್ಳದ ದಂಡೆ ತುಂಬ ಇದೆ. ಅಮೆರಿಕಾ ಖಂಡದಿಂದ ಬಂದ ಗಿಡ ಅದು, 1870ರ ದಶಕದಲ್ಲಿ ಇಲ್ಲೇ ಪಕ್ಕದ ಕಡಪ ಕಡೆ ಮೊದಲು ಬೆಳೆಸಿದರು. ಸೌದೆಗೆ ಆಗಲಿ ಅಂತ ತಂದದ್ದು ಈಗ ಕೆರೆ ಅಂಗಳ, ಹಳ್ಳ, ಬೀಳು ಎಲ್ಲ ನುಂಗಿದೆ. ಅದರ ಕಾಯಿ ಕುರಿ ತಿಂದರೆ ಬೀಜ ಹಿಕ್ಕೆಯಲ್ಲಿ ಹೊರಬಂದು ಇನ್ನಷ್ಟು ಚೆನ್ನಾಗಿ ಮೊಳೆಯುತ್ತದೆ. ಹಾಗಾಗಿ ಕುರಿ ನಿಲ್ಲಿಸಿದ ಗುಂಡಿಗಳಲ್ಲಿ ಮೊದಲ ಮಳೆಗೆ ಜಾಲಿ ಮೊಳಕೆ ಏಳೋದು ಖಾತ್ರಿ. ಎರಡೆಲೆ ಇದ್ದಾಗ ಕಿತ್ತರೆ ಬೆರಳಿಗೇ ಬರುತ್ತದೆ. ಒಂದು ವರ್ಷ ಬಿಟ್ಟರೆ ಹಾರೆ ಬೇಕು. ಕೊಂಬೆಗಳನ್ನು ಕಡಿದು, ಬುಡ ಹೊರಗೆ, ತುದಿ ಒಳಗೆ ಬರುವಂತೆ ಒಂದರೊಳಗೊಂದು ಸಿಕ್ಕಿಸಿ, ಮೇಲೆ ಭಾರದ ಕಲ್ಲು ಇಟ್ಟರೆ ಆಡು ಮೂತಿ ತೂರಿಸೋದಿಲ್ಲ. ಕಲ್ಲಿಡದಿದ್ದರೆ ಜುಲೈ ಗಾಳಿಗೆ ಕಾವಲೇ ಹಾರಿ ಹೋಗುತ್ತದೆ. ಕಾಯಿ ಇರುವ ಕೊಂಬೆ ಮಾತ್ರ ಬೇಡ.

ಇನ್ನೂ ಸುಲಭದ ಕಾವಲು ತಂಗಡಿ. ಆವರಿಕೆ ಅಂತಲೂ ಅನ್ನುತ್ತಾರೆ. ಆಡು ಅದನ್ನು ಮುಟ್ಟೋದು ಅಪರೂಪ. ಒಳ್ಳೆಯ ತಂಗಡಿ ಪೊದೆ ಇದ್ದಲ್ಲಿ ನಾವು ಕಡಿಯದೆ, ಅದರ ಉತ್ತರಕ್ಕೋ ಪೂರ್ವಕ್ಕೋ ತಾಗಿಸಿ ಸಣ್ಣ ಗುಂಡಿ ಮಾಡಿದ್ದೇವೆ. ಮಧ್ಯಾಹ್ನದ ಮೇಲಿನ ಬಿಸಿಲಿಗೆ ಅದೇ ನೆರಳು. ಜಾಗ ಸ್ವಚ್ಛ ಮಾಡಬೇಕು ಅಂತ ಜೆಸಿಬಿ ತರಿಸಿ ಬೋಳಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೋಳಿಸಿದ ಮೇಲೆ ಅಲ್ಲಿ ನೆರಳಿಗೆ ಹಸಿರು ಪರದೆ ಕೊಳ್ಳಬೇಕು!

ಸಸಿಯೋ ಬೀಜವೋ? ಪ್ಲಾಸ್ಟಿಕ್ ಚೀಲದ ಸಸಿ ತೂಕ. ಮಣ್ಣು, ನೀರು ಸೇರಿ ಒಂದೊಂದೂ ಒಂದೆರಡು ಕಿಲೋ. ಚೀಲದಲ್ಲಿ ಬಹಳ ದಿನ ಇದ್ದರೆ ಬೇರು ತಳದಲ್ಲಿ ಸುತ್ತಿಕೊಂಡಿರುತ್ತದೆ, ಆ ಸುರುಳಿ ಕತ್ತರಿಸದೆ ನೆಟ್ಟರೆ ಅದು ಜನ್ಮ ಪೂರ್ತಿ ಸುತ್ತುತ್ತಲೇ ಇರುತ್ತದೆ. ಬೀಜ ಜೇಬಿನಲ್ಲಿ ಬರುತ್ತದೆ. ಬೇವಿನ ಬೀಜಕ್ಕೆ ಆಯಸ್ಸು ಕಡಿಮೆ, ಕೆಲವೇ ವಾರ. ಜೂನ್–ಜುಲೈನಲ್ಲಿ ಹಣ್ಣು ಉದುರಿದಾಗ ಆಯ್ದು, ತಿರುಳು ತೊಳೆದು, ನೆರಳಲ್ಲಿ ಆರಿಸಿ ಬೇಗನೆ ಊರಬೇಕು. ಹುಣಸೆ ಬೀಜ ರಾತ್ರಿ ನೆನೆಸಿದರೆ ಸಾಕು. ಕಮರದ ಸ್ವಭಾವವೇ ಬೇರೆ. ಎಳೆಯದರಲ್ಲಿ ಮೇಲೆ ಬೆಳೆಯೋದು ಬಿಟ್ಟು ಕೆಳಗೆ ಬೆಳೆಯುತ್ತದೆ. ಬೇಸಿಗೆಯಲ್ಲಿ ಮೇಲಿನ ಕಾಂಡ ಒಣಗಿ ಸತ್ತಂತೆ ಕಂಡರೂ ಒಳಗಿನ ಬೇರು ಇಳಿಯುತ್ತಿರುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರು. ಅಂಥ ಮರವನ್ನು ಚೀಲದಲ್ಲಿ ಬೆಳೆಸೋದು ಅದಕ್ಕೆ ಮಾಡುವ ಅನ್ಯಾಯ. ಹಾಗಾಗಿ ಬೇವು, ಕಮರ, ಹೊಂಗೆ, ಸೀತಾಫಲ ಬೀಜದಿಂದ, ಗುಂಡಿಗೆ ಮೂರ್ನಾಲ್ಕರಂತೆ. ಹುಣಸೆ ಮಾತ್ರ ಸಸಿ, ಅದರ ಹಣ್ಣಿನ ಮೇಲೆ ಕಾಕಾಗೆ ಲೆಕ್ಕಾಚಾರ ಇದೆ.

ಬೀಜದುಂಡೆ ಎಸೆಯೋದರ ಬಗ್ಗೆ ಬಹಳ ಜನ ಕೇಳುತ್ತಾರೆ. ಮಕ್ಕಳಿಗೆ ಖುಷಿ, ಬೇಡ ಅನ್ನೋದಿಲ್ಲ. ಆದರೆ ಹೆಪ್ಪುಗಟ್ಟಿದ ಮಸಾರಿ ಮೇಲೆ ಬಿದ್ದ ಉಂಡೆ ಮೊದಲ ಮಳೆಗೆ ಕರಗಿ ಮೊಳೆತರೂ ಬೇರು ಇಳಿಯೋಕೆ ಜಾಗ ಎಲ್ಲಿದೆ? ಮುಂದಿನ ಮಳೆ ತನಕ ಅದು ಬಿಸಿಲಿಗೆ ಬಿದ್ದಿರುತ್ತದೆ. ಎಸೆಯೋ ಕೈಯಲ್ಲೇ ಒಂದು ಕಲ್ಲನ್ನು ಇಳಿಜಾರಿಗೆ ಅಡ್ಡ ಇಟ್ಟು, ಅದರ ಹಿಂದೆ ಕೆದರಿ ಬೀಜ ಊರಿದರೆ ನಾಲ್ಕರಲ್ಲಿ ಒಂದಾದರೂ ನಿಂತೀತು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲೂ ರೈತರಿಗೆ ಹಣ ಬರೋದು ನೆಟ್ಟದ್ದಕ್ಕಲ್ಲ, ಬದುಕಿದ ಸಸಿ ಎಣಿಸಿ, ಮೂರು ವರ್ಷಗಳ ಕಾಲ. ಅದು ಸರಿಯಾದ ಲೆಕ್ಕ.

ಮಣ್ಣಿನ ಮಡಕೆ ಹೂಳುವ ಉಪಾಯವೂ ಹಳೆಯದು, ಚೀನಾದಲ್ಲಿ 2,000 ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ಸಸಿ ಪಕ್ಕ ಮಡಕೆ ಕುತ್ತಿಗೆ ತನಕ ಹೂತು, ನೀರು ತುಂಬಿ, ಮುಚ್ಚಿಟ್ಟರೆ ಮಣ್ಣು ಒಣಗಿದಷ್ಟೇ ನೀರು ಜಿನುಗುತ್ತದೆ. ಮೇಲೆ ಸುರಿದು ಆವಿಯಾಗಿ ಹೋಗೋದಕ್ಕಿಂತ ಎಷ್ಟೋ ವಾಸಿ. ಆದರೆ ತುಂಬೋರು ಬೇಕಲ್ಲ. ಅದಕ್ಕೆ ನಮ್ಮ ಹುಣಸೆ ಸಸಿಗಳಿಗೆ ಮಾತ್ರ ಮಡಕೆ, ಆ ಹುಣಸೆಗಳೆಲ್ಲ ದೊಣೆಯ ಹತ್ತಿರ. ಗುಡ್ಡದ ಬಂಡೆಯಲ್ಲಿ ನೀರು ನಿಲ್ಲುವ ಒಂದು ದೊಣೆ ಇದೆ, ಮಳೆ ಚೆನ್ನಾಗಿ ಆದರೆ ಸಂಕ್ರಾಂತಿ ಹೊತ್ತಿಗೂ ಅದರಲ್ಲಿ ಒಂದಿಷ್ಟು ನೀರು ಉಳಿದಿರುತ್ತದೆ. ಹಿರೇಬೆಣಕಲ್ ಗುಡ್ಡದ ಮೇಲೆ 2,000 ವರ್ಷಕ್ಕೂ ಹಳೆಯ ಕಲ್ಲುಗೋರಿಗಳ ನಡುವೆ ಇಂಥದ್ದೇ ದೊಡ್ಡ ಹೊಂಡ ಇದೆ. ಕಲ್ಲು ತೆಗೆದ ಜಾಗವನ್ನೇ ಗೋರಿ ಕಟ್ಟಿದವರು ನೀರಿಗೆ ಬಿಟ್ಟಿದ್ದಾರೆ. ಅಲ್ಲಿಗೆ ನೀರು ಯಾರೂ ಹೊತ್ತು ಹಾಕಿದ್ದಲ್ಲ ಅಂತ ಕಾಕಾಗೆ ಹೇಳಿದೆ. ಅವರಿಗೆ ಇತಿಹಾಸಕ್ಕಿಂತ ದೊಣೆಯಲ್ಲಿ ತುಂಬಿದ ಹೂಳು ತೆಗೆಯೋದು ಯಾವಾಗ ಅನ್ನೋದೇ ಚಿಂತೆ. ತೆಗೆದೆವು. ಹೂಳೂ ಗುಂಡಿಗೇ ಹೋಯಿತು, ಇಡೀ ಹೊಲದಲ್ಲಿ ಅಷ್ಟು ಒಳ್ಳೆಯ ಮಣ್ಣು ಬೇರೆ ಇಲ್ಲ.

ತೇವ ಆರದಂತೆ ಸಸಿ ಬುಡದ ಮುಚ್ಚಿಗೆಗೆ ಹುಲ್ಲು ಹಾಕೋದು, ಜೋಳದ ಕಣಿಕೆ ಹಾಕೋದು ಎಲ್ಲರೂ ಹೇಳುವ ಮಾತು. ಇಲ್ಲಿ ಹುಲ್ಲಿಗೆ ಗೆದ್ದಲು, ಫೆಬ್ರವರಿ ಬಂದರೆ ಬೆಂಕಿ. ಯಾರೋ ಬೀಡಿ ಎಸೆದರೆ ಕರಡ ಪೂರ್ತಿ ಹೊತ್ತಿಕೊಳ್ಳುತ್ತದೆ, ಹುಲ್ಲಿನ ಮುಚ್ಚಿಗೆ ಇದ್ದರೆ ಬೆಂಕಿಯನ್ನು ಗಿಡದ ಬುಡಕ್ಕೇ ಕರೆದಂತೆ. ಕಲ್ಲೇ ವಾಸಿ. ಮುಷ್ಟಿಗಾತ್ರದ ಕಲ್ಲುಗಳನ್ನು ಸಸಿ ಸುತ್ತ ಎರಡು ಪದರ ಜೋಡಿಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡೋದು. ತೇವ ಆರೋದಿಲ್ಲ, ಕಳೆ ಏಳೋದಿಲ್ಲ, ಬೆಂಕಿ ಹತ್ತಿರ ಬರೋದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಮೇಲಿನ ಕಲ್ಲು ಮುಟ್ಟಿದರೆ ಕೈ ಸುಡುತ್ತದೆ. ಅದನ್ನೆತ್ತಿ ಕೆಳಗಿನ ಕಲ್ಲು ಮಗುಚಿ ನೋಡಿದರೆ ಅಡಿಯಲ್ಲಿ ಮಣ್ಣು ಕಪ್ಪಗೆ ಒದ್ದೆ, ಬಿಳಿ ನೂಲಿನಂಥ ಬೇರು ಕಲ್ಲಿನ ಅಡಿಗೇ ಅಂಟಿಕೊಂಡಿರುತ್ತದೆ.

ಹೊಲದ ಪಡುವಣ ಬದಿಯ ತುಂಡಿನಲ್ಲಿ ಒಂದೂ ಗುಂಡಿ ತೋಡಿಲ್ಲ. ಅಲ್ಲಿ ಬರೀ ಹುಲ್ಲು. ಬೋಳು ಕಾಣುವುದೆಲ್ಲ ಬಂಜರು ಅಂತ ತಿಳಿದು ಮರ ತುಂಬಿಸುವ ಹುಚ್ಚು ನಮ್ಮಲ್ಲಿ ಜಾಸ್ತಿ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆ ಅಂತಲೇ ಧಾಮ ಇದೆ. ಅವು ಬದುಕೋದು ಇಂಥ ಹುಲ್ಲು, ಕುರುಚಲು, ಬಂಡೆ ಇರುವ ಬಯಲಿನಲ್ಲೇ. ದಟ್ಟ ಮರ ಬೆಳೆದರೆ ಅವಕ್ಕೂ ಜಾಗ ಇಲ್ಲ, ಕುರಿಗೂ ಮೇವಿಲ್ಲ. ಸಂಬಂಧಿಕರು ಬಂದವರೆಲ್ಲ "ಆ ಕಡೆ ಯಾಕ ಖಾಲಿ ಬಿಟ್ಟೀರಿ" ಅಂತ ಕೇಳಿಯೇ ಹೋಗುತ್ತಾರೆ.

ಈಗ ಉಳಿದಿರುವುದು ಯಾವ ಮಳೆಗೆ ಅನ್ನೋ ಜಗಳ. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅನ್ನೋರು ನಮ್ಮ ಕಡೆಯವರು. ಎಲ್ಲರಿಗೂ ಮುಂಗಾರಿನ ಅವಸರ. ನಾನೂ ಮಿರಗ, ಅಂದರೆ ಜೂನಿನ ಮೃಗಶಿರ ಮಳೆ, ಬಂದ ಕೂಡಲೇ ನೆಡೋಣ ಅಂತಿದ್ದೆ. ಕಾಕಾ ಬೇಡ ಅನ್ನುತ್ತಾರೆ. "ಮಿರಗ ಬರತೈತಿ, ಹೋಗತೈತಿ. ಆಷಾಢದ ಗಾಳಿಗೆ ಸಸಿ ನಿಂದ್ರೂದಿಲ್ಲ. ಹುಬ್ಬಿ, ಉತ್ತರಿ ನೋಡ್ಕೊಂಡು ಹಚ್ಚು." ಹುಬ್ಬಿ, ಉತ್ತರಿ ಬರೋದು ಸೆಪ್ಟೆಂಬರ್ ಆಸುಪಾಸು, ಅಂಕಿಗಳೂ ಕಾಕಾ ಕಡೆಗಿವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಆದರೆ ಸೆಪ್ಟೆಂಬರಿನಲ್ಲಿ ನೆಟ್ಟರೆ ಬೇರು ಇಳಿಯುವಷ್ಟರಲ್ಲಿ ಚಳಿ ಬರುತ್ತದೆ, ಆಮೇಲೆ ನೇರ ಬೇಸಿಗೆ. ಕೊನೆಗೆ ಬೀಜವೆಲ್ಲ ಆರಿದ್ರಾ ಮಳೆಗೆ, ಮಡಕೆ ಇರುವ ಹುಣಸೆ ಸಸಿ ಉತ್ತರೆಗೆ ಅಂತ ಮಾತಾಗಿದೆ. ಜೂನ್ 22ರ ಸುಮಾರಿಗೆ ಆರಿದ್ರಾ ಹುಟ್ಟುತ್ತದೆ, ಅಷ್ಟರೊಳಗೆ ಬೇವಿನ ಹಣ್ಣು ಎಷ್ಟು ಉದುರುತ್ತದೋ ನೋಡಬೇಕು.

ಯಜ್ಜ ಮೊನ್ನೆ ಮತ್ತೆ ಸಿಕ್ಕಿದ್ದರು. ಗುಂಡಿಗಳನ್ನೆಲ್ಲ ಒಂದು ಸುತ್ತು ನೋಡಿ, ಹಳ್ಳದ ಕಡೆಯ ಬದುಗಳಲ್ಲಿ ಎರಡನ್ನು ಬಾರಿಹಣ್ಣಿನ (ಬೋರೆಹಣ್ಣಿನ) ಗಿಡಕ್ಕೆ ಅಂತ ಖಾಲಿ ಬಿಡಬೇಕು ಅಂದರು. ಎಲೆ ಕುರಿಗೆ, ಹಣ್ಣು ಕಾಯೋ ಹುಡುಗರಿಗೆ. ನಮ್ಮ ಪಟ್ಟಿಯಲ್ಲಿ ಬಾರಿ ಇರಲಿಲ್ಲ. ಈಗ ಸೇರಿಸಿದ್ದೇವೆ, ಬೀಜ ಅವರೇ ತರುತ್ತಾರಂತೆ.